ತಲೆ-ಕಾಲು ಸುಡುವ ಹೊಳೆವ್ವನ ಹೊಸ ಸಿಗಡಿ

ಸವಣೂರಿನ ಮಟನ್ ಅಂಗಡಿಗಳ ಹಿಂದಿನ ಗೋಡೆಗೆ ಇನ್ನೂ ಬಿಸಿಲು ತಾಗಿಲ್ಲ. ಹೊಳೆವ್ವ ಆಗಲೇ ಮೂರನೆಯ ಕುರಿ ತಲೆಯನ್ನು ಕೆಂಡದ ಮೇಲೆ ಹೊರಳಿಸುತ್ತಿದ್ದಾಳೆ. ಎಡಗೈ ಗಾಳಿಚಕ್ರದ ಹಿಡಿಕೆ ತಿರುವುತ್ತಿದೆ, ಬಲಗೈಯಲ್ಲಿ ಇಕ್ಕಳವಿದೆ. ಉಣ್ಣೆ ಚರಚರ ಸುಟ್ಟು ಮುದುರುತ್ತದೆ, ನಾತ ಓಣಿಯ ತುದಿಯವರೆಗೂ ಹಬ್ಬುತ್ತದೆ. ಹಾದುಹೋಗುವವರು ಟವೆಲ್ಲನ್ನೋ ಸೆರಗನ್ನೋ ಮೂಗಿಗೆ ಹಿಡಿದು ಬಿರಬಿರನೆ ದಾಟುತ್ತಾರೆ. ಅವರಲ್ಲಿ ಅರ್ಧ ಜನ ಮಧ್ಯಾಹ್ನ ಇದೇ ತಲೆಮಾಂಸದ ಸಾರಿಗೆ ರೊಟ್ಟಿ ಮುರಿಯುವವರು ಎಂಬುದು ಹೊಳೆವ್ವನಿಗೆ ಗೊತ್ತು.

ಆಕೆಗೆ ಈಗ ನಲವತ್ತನಾಲ್ಕರ ಆಸುಪಾಸು. ಎಡಗಡೆಯ ಹುಬ್ಬಿನಲ್ಲಿ ಕೂದಲಿಲ್ಲ. ಒಂದು ಗಳಿಗೆಯೂ ಸುಮ್ಮನೆ ಕೂರುವುದಿಲ್ಲ: ಕೆಂಡ ಕೆದಕುತ್ತಾಳೆ, ಎದ್ದು ಹೋಗಿ ಸಾಲಿನಲ್ಲಿಟ್ಟ ಪಾತ್ರೆಗಳನ್ನು ನೋಡಿ ಬರುತ್ತಾಳೆ, ಕುಳಿತು ಚೂರಿ ಮಸೆಯುತ್ತಾಳೆ, ಮತ್ತೆ ಏಳುತ್ತಾಳೆ. ಸುಟ್ಟ ತಲೆಯನ್ನು ಚೂರಿಯಿಂದ ಕೆರೆದು, ಕಿವಿಯ ಹಿಂದೆ, ದವಡೆಯ ಸಂದಿನಲ್ಲಿ ಬೆರಳಾಡಿಸಿ ನೋಡುತ್ತಾಳೆ. ಒಂದೆಳೆ ಕೂದಲು ಸಿಕ್ಕಿದರೂ ತಲೆ ಮತ್ತೆ ಕೆಂಡಕ್ಕೆ ಹೋಗುತ್ತದೆ. ಕಾಲುಗಳದು ಬೇರೆ ಲೆಕ್ಕ. ಗೊರಸು ಕಾದು ಸಡಿಲವಾದ ಕ್ಷಣ ಹಿಡಿದು ಕಲ್ಲಿಗೆ ಒಂದೇ ಏಟು ಹಾಕಬೇಕು. ಆಗ ಅದು ಸಿಪ್ಪೆಯಂತೆ ಕಳಚಿ ಬೀಳುತ್ತದೆ. ಆ ಕ್ಷಣ ತಪ್ಪಿದರೆ ಚರ್ಮ ಹರಿಯುತ್ತದೆ.

“ಕುರಿ ಕೊಯ್ಯವ್ರ ಹೆಸರು ಊರಿಗೆಲ್ಲಾ ಗೊತ್ತಿರತೈತ್ರಿ. ಅಡಗಿ ಮಾಡಿದಾಕಿ ಹೆಸರು ಮನಿಗೆ ಗೊತ್ತಿರತೈತಿ. ನಡುವ ಸುಡಾಕಿ ಯಾರಂತ ಯಾರು ಕೇಳ್ತಾರ?” ಎನ್ನುತ್ತಾಳೆ. ದೂರುವ ದನಿ ಅಲ್ಲ ಅದು. ಹೇಳುತ್ತಲೇ ನಾಲ್ಕನೆಯ ತಲೆಗೆ ಕೈ ಹಾಕಿರುತ್ತಾಳೆ.

ಭಾನುವಾರ ಸವಣೂರಿನಲ್ಲಿ ಹದಿನೈದರಿಂದ ಇಪ್ಪತ್ತು ತಲೆ, ಅರವತ್ತು ಎಪ್ಪತ್ತು ಕಾಲು. ಒಂದು ತಲೆಗೆ ಇಪ್ಪತ್ತು ನಿಮಿಷ. ಕೆಂಡ ಚೆನ್ನಾಗಿದ್ದರೆ ಮೂರನ್ನು ಒಟ್ಟಿಗೆ ಹಿಡಿಯುತ್ತಾಳೆ. ಉಳಿದ ದಿನಗಳಲ್ಲಿ ಸಂತೆ ನೋಡಿಕೊಂಡು ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು. ಕೆಂಡದ ಒಲೆಯಾದ ಸಿಗಡಿ, ಜಾಲಿ ಇದ್ದಲಿಯ ಚೀಲ, ಇಕ್ಕಳ, ಚೂರಿ ಎಲ್ಲವೂ ಆಕೆಯ ಜತೆ ಬಸ್ಸಿನ ಮೇಲೇರುತ್ತವೆ.

ಹೊಳೆವ್ವ ಹುಟ್ಟಿದ್ದು ತಿಳವಳ್ಳಿಯ ಹತ್ತಿರದ ಹಳ್ಳಿಯಲ್ಲಿ, ಕೊಟ್ಟದ್ದು ಬಂಕಾಪುರಕ್ಕೆ. ಗಂಡ ಮೈಲಾರಪ್ಪ ಪೇಟೆಯಲ್ಲಿ ಚೀಲ ಹೊರುವ ಹಮಾಲ. ಸುಡುವ ಕೆಲಸ ಅತ್ತೆ ಭರಮವ್ವನದು. ಆಕೆ ಕೋಟೆಯ ಬದಿಗೆ ಮೂರು ಕಲ್ಲು ಹೂಡಿ, ಬಂದವರದನ್ನು ಸುಟ್ಟುಕೊಟ್ಟು, ಬರದಿದ್ದರೆ ಎಲೆಯಡಿಕೆ ಹಾಕಿಕೊಂಡು ಕೂರುವ ಹೆಂಗಸು. ಸೊಸೆಗೆ ಕೂರುವುದು ಒಗ್ಗಲಿಲ್ಲ. ಅತ್ತೆಯ ಕೈ ನಡುಗತೊಡಗಿದ ವರ್ಷ ಗುಜರಿಯಲ್ಲಿ ಸಿಕ್ಕ ಬೀಡುಕಬ್ಬಿಣದ ಸಿಗಡಿಯೊಂದನ್ನು ತಲೆಯ ಮೇಲೆ ಹೊತ್ತು ಸವಣೂರಿನ ಬಸ್ಸು ಹತ್ತಿದಳು. ಆಮೇಲೆ ಒಂದೊಂದಾಗಿ ಉಳಿದ ಮೂರು ಊರುಗಳು ಸೇರಿಕೊಂಡವು.

“ಆಕಿ ಕಾಲಾಗ ಚಕ್ರ ಅದಾವ್ರಿ,” ಎನ್ನುತ್ತಾನೆ ಮೈಲಾರಪ್ಪ. “ಮನ್ಯಾಗ ಎರಡು ದಿನಾ ಕುಂತ್ರ ಗ್ವಾಡಿ ಕೂಡ ಜಗಳಾ ತಗೀತಾಳ. ಶ್ರಾವಣ ಬಂತಂದ್ರ ನಾನ ಊರು ಬಿಡಬೇಕು ಅನಸತೈತಿ.”

ಶ್ರಾವಣದಲ್ಲಿ ಬಹಳ ಮನೆಗಳಲ್ಲಿ ಮಾಂಸ ಬೇಯುವುದಿಲ್ಲ, ಹೊಳೆವ್ವನಿಗೆ ಕೆಲಸವಿರುವುದಿಲ್ಲ. ಈ ವರ್ಷ, ಅಂದರೆ ಎಂಬತ್ನಾಲ್ಕರಲ್ಲಿ, ಆ ಖಾಲಿ ತಿಂಗಳು ಮುಗಿದು ಕೆಲಸ ಕುದುರುತ್ತಿದ್ದ ಹೊತ್ತಿಗೇ ಶಿಗ್ಗಾಂವಿ ಬಸ್‌ ನಿಲ್ದಾಣದಲ್ಲಿ ಸಿಗಡಿ ಬಸ್ಸಿನ ಮೇಲಿಂದ ಜಾರಿ ಬಿತ್ತು. ಬೀಡು ಬಾಗುವುದಿಲ್ಲ, ಒಡೆಯುತ್ತದೆ. ಮೂರು ಹೋಳಾಯಿತು. ಮಹಾನವಮಿಗೆ ಇಪ್ಪತ್ತೆಂಟು ದಿನ ಬಾಕಿ. ವರ್ಷದಲ್ಲಿ ಬೇರೆ ಯಾವಾಗಲೂ ಅಷ್ಟು ತಲೆ-ಕಾಲು ಬರುವುದಿಲ್ಲ.

“ಹಗ್ಗಾ ನಾನ ಕಟ್ಟಿದ್ದೆ. ಯಾರಿಗೆ ಬಯ್ಯೂದು?” ಎನ್ನುತ್ತಾಳೆ ಹೊಳೆವ್ವ. ಹೋಳುಗಳನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಅದೇ ಬಸ್ಸಿನಲ್ಲಿ ವಾಪಸು ಬಂದಳಂತೆ. ಬೀಡಿಗೆ ಬೆಸುಗೆ ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಅವನ್ನು ಎಂಟು ದಿನ ಹಿತ್ತಲಲ್ಲಿ ಜೋಡಿಸಿಟ್ಟು ನೋಡುತ್ತಿದ್ದಳು.

ಮುಂದಿನ ವಾರದ ಸಂತೆಗೆ ಬರಿಗೈಯಲ್ಲಿ ಶಿಗ್ಗಾಂವಿಗೆ ಹೋದಳು. ಆಕೆ ಕೂರುತ್ತಿದ್ದ ಜಾಗದಲ್ಲಿ ಹೂವಪ್ಪನೆಂಬ ಹೊಸಬ ಕುಳಿತಿದ್ದ. ಅವನ ಕೈಯಲ್ಲಿ ಹಿತ್ತಾಳೆಯ ಒಂದು ಊದುದೀಪ: ಸ್ಟೋವಿನಂತೆ ಪಂಪು ಹೊಡೆದರೆ ಮೂತಿಯಿಂದ ನೀಲಿ ಉರಿ ಭರ್ರನೆ ಹೊರಬರುತ್ತಿತ್ತು. ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ ಸಾಕು, ಕೆಂಡವಿಲ್ಲ, ಬೂದಿಯಿಲ್ಲ. ಒಂದು ತಲೆ ಎಂಟು ನಿಮಿಷಕ್ಕೆ ಮುಗಿಯಿತು. ಎದುರಿಗೆ ಪಾತ್ರೆ ಹಿಡಿದು ನಿಂತವರೆಲ್ಲ ಆಕೆಯ ಗಿರಾಕಿಗಳು. ಅವರಲ್ಲೊಬ್ಬಳು, “ಯಾಕ ಹೊಳೆವ್ವಾ, ಬಿಟ್ಟಿಯೇನು ಕೆಲಸಾ?” ಎಂದು ಕೇಳಿದಳು.

ಆ ಮಾತು ಕೇಳಿದ ಮೇಲೆ ಹೊಳೆವ್ವ ಮನೆಗೆ ಹೋಗಲಿಲ್ಲ, ಸೀದಾ ಹಾನಗಲ್ಲಿನ ಬಸ್ಸು ಹತ್ತಿದಳು. ಅಲ್ಲಿ ಕುಬೇರಪ್ಪನವರ ಕಬ್ಬಿಣ ಸಾಮಾನಿನ ಅಂಗಡಿಯಿದೆ. ಕುಬೇರಪ್ಪನವರು ಮಾಂಸ ಮುಟ್ಟುವ ಮನೆತನದವರಲ್ಲ. ಸಾಮಾನನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುವ ರೂಢಿಯೂ ಅವರಿಗಿದೆ. ಆದರೂ ಆಕೆಯ ಕಥೆಯನ್ನೆಲ್ಲ ಕೇಳಿಸಿಕೊಂಡು, ಅಂಥದೇ ಹಿತ್ತಾಳೆ ದೀಪವನ್ನು ಕಟ್ಟೆಗಿಟ್ಟರು.

“ಹಳೇ ಬಣ್ಣಾ ಸುಡಾಕ ಒಯ್ತಾರ ಇದನ್ನ. ತಲಿ ಸುಟ್ಟದ್ದು ನಾ ಕೇಳಿಲ್ಲ,” ಎಂದರು. “ಎಂಟು ದಿನಾ ನಡಸಿ ನೋಡು. ಸರಿ ಹೋಗಲಿಲ್ಲಂದ್ರ ತಂದಿಡು.”

“ಎಣ್ಣಿ ವಾಸನಿ ಹಿಡಿತೈತೇನ್ರೀ ಸಾವ್ಕಾರ್ರ?”

“ಅದನ್ನ ನನ್ನ ಕೇಳ್ತಿಯೇನವಾ?”

ಹಿತ್ತಲಲ್ಲಿ ಎರಡು ದಿನ ಅಭ್ಯಾಸ ಮಾಡಿದಳು. ಮೊದಲನೆಯ ದಿನವೇ ಉರಿ ಹಿಮ್ಮುಖವಾಗಿ ಚಿಮ್ಮಿ ಹುಬ್ಬು ಹೋಯಿತು. ಮೂರನೆಯ ದಿನ ಹಿರೇಕೆರೂರಿಗೆ ಹೋದಳು. ಅಲ್ಲಿಯ ಶಾರವ್ವ ಹಳೆಯ ಗಿರಾಕಿ. ಮಗಳು ಹೆತ್ತು ಹನ್ನೆರಡು ದಿನವಾಗಿತ್ತು, ಬಾಣಂತಿಗೆ ಕಾಲಿನ ಸಾರು ಕೊಡಬೇಕಿತ್ತು. ನಾಲ್ಕು ಕಾಲು ತಂದಳು. ಹೊಳೆವ್ವ ಹತ್ತೇ ನಿಮಿಷಕ್ಕೆ ಸುಟ್ಟು, ಗೊರಸು ತೆಗೆದು, ಅರಿಸಿನ ಹಚ್ಚಿ ಕೊಟ್ಟಳು. ಕೆಲಸ ಇಷ್ಟು ಬೇಗ ಮುಗಿಯಿತಲ್ಲ ಎಂಬ ಖುಷಿಗಿಂತ, ಮುಗಿದ ಮೇಲೆ ಕೈಗೆ ಏನು ಮಾಡಬೇಕೆಂದು ತಿಳಿಯದ ಕಸಿವಿಸಿ ಹೆಚ್ಚಾಗಿತ್ತಂತೆ.

ಮುಂದಿನ ಸಂತೆಯ ದಿನ ಶಾರವ್ವ ಮುಚ್ಚಳ ಹಾಕಿದ ಪಾತ್ರೆಯೊಂದನ್ನು ತಂದು ಆಕೆಯ ಮುಂದಿಟ್ಟಳು. ಬೈಯಲಿಲ್ಲ.

“ಬೆಳಿಗ್ಗೆ ನಿನ್ನ ಹತ್ರಾನ ನಾಲ್ಕು ಕಾಲು ಸುಡಿಸಿದವರ ಮನೀ ಸಾರು ಇದು. ನನ್ನ ಮಗಳು ಕಳೆದ ವಾರ ಒಂದು ಗುಟಕಾ ಕುಡದು ಬಿಟ್ಲು. ನನ್ನ ನಾಲಗಿ ಕೆಟ್ಟೈತೇನೋ ಅಂತ ನಾ ಬಾಜೂ ಮನೀದೂ ಇಸಗೊಂಡು ಬಂದೇನಿ. ನೀನ ಕುಡದು ನೋಡು,” ಎಂದಳು.

ಹೊಳೆವ್ವ ಕುಡಿದು ನೋಡಿದಳು. ಸಾರಿಗೆ ಮೆಣಸು, ಬೆಳ್ಳುಳ್ಳಿ ಎಲ್ಲ ಬಿದ್ದಿತ್ತು. ಅದರಡಿಯಲ್ಲಿ ಸಣ್ಣಗೆ, ಆದರೆ ನಾಲಗೆ ಬಿಡದ ಹಾಗೆ ಚಿಮಣಿ ಎಣ್ಣೆ ಇತ್ತು. ಬಾಯಲ್ಲಿದ್ದದ್ದನ್ನು ಉಗುಳಲಿಲ್ಲ. ನುಂಗಿದಳು.

“ತಪ್ಪಾತು ಶಾರಕ್ಕಾ,” ಎಂದಳು.

“ತಪ್ಪು ಆಗ್ಲಿ ಬಿಡು. ಇನ್ನ ಮ್ಯಾಲೆ ಯಾರ ಹತ್ರ ಹೋಗೂದು ನಾವು? ಈ ಊರಾಗ ಬ್ಯಾರೆ ಯಾರದಾರ?”

ಆ ದಿನ ಬಂದ ಉಳಿದವರನ್ನೆಲ್ಲ ಹಾಗೇ ವಾಪಸು ಕಳಿಸಿದಳು. ದೀಪವನ್ನು ಉಜ್ಜಿ, ಎಣ್ಣೆ ಬಸಿದು, ಹಾನಗಲ್ಲಿಗೆ ಒಯ್ದು ಕಟ್ಟೆಯ ಮೇಲಿಟ್ಟಳು. “ಹೂವಪ್ಪನ ಕೈಯಾಗ ಅದು ಚಲೋ ನಡೀತೈತ್ರಿ, ಸುಳ್ಳು ಹೇಳಬಾರ್ದು,” ಎನ್ನುತ್ತಾಳೆ. “ಪಂಪ್ ತುಂಬ ಹೊಡದು ಹದಾ ಹಿಡಿತಾನ ಅಂವಾ. ನನ್ನ ಕೈ ಕೆಂಡಾ ಕಲ್ತ ಕೈ. ಬರೇ ಕೂದಲಾ ಸುಟ್ರ ಆಗೂದಿಲ್ಲ, ಚರ್ಮದ ಒಳಗ ಹೊಗಿ ಇಳೀಬೇಕು.”

ಹಾನಗಲ್ಲಿನಲ್ಲಿ ಅಂದೇ ಇನ್ನೊಂದು ದಾರಿ ಕಂಡಿತು. ಮಟನ್ ಅಂಗಡಿಯವರು ಗೋಡೆಯ ಪಕ್ಕದಲ್ಲಿ ಇಟ್ಟಿಗೆಯ ಭಟ್ಟಿ ಕಟ್ಟಿಸಿಕೊಡುತ್ತೇವೆ, ತಗಡಿನ ನೆರಳು ಹಾಕಿಸುತ್ತೇವೆ, ದಿನಾಲೂ ಇಲ್ಲೇ ಕೂರು ಎಂದರು. ಮೈಲಾರಪ್ಪನಿಗೆ ಇದು ದೇವರು ಕೊಟ್ಟ ಮಾತಿನಂತೆ ಕಂಡಿತು. ಬಸ್ಸಿನ ಹೊರೆ ತಪ್ಪುತ್ತದೆ, ಒಡೆಯುವ ಭಯವಿಲ್ಲ. ಹೊಳೆವ್ವ ಆ ಜಾಗಕ್ಕೆ ಹೋಗಿ ನೋಡಿದಳು.

“ಕುಂತೆ. ಎದ್ದೆ. ಮತ್ತ ಕುಂತೆ. ಉಸುರು ಕಟ್ಟಿದಂಗಾತು,” ಎನ್ನುತ್ತಾಳೆ. “ಶಾರಕ್ಕನ ಮಾತು ಬ್ಯಾರೆ ಕಿವ್ಯಾಗ ಇತ್ತು. ನಾ ಇಲ್ಲೆ ಕುಂತ್ರ ಆ ಊರಿನ ಬಾಣಂತ್ಯಾರಿಗೆ ಯಾರು?”

ಮಹಾನವಮಿಗೆ ಹತ್ತು ದಿನ ಉಳಿದಿದ್ದವು. ಸವಣೂರಿನ ಗುಜರಿ ಮಜೀದನ ಬಳಿ ಹೋದಳು. ಮಜೀದ ಗುಜರಿಯ ಜತೆಗೆ ಬೆಸುಗೆ ಕೆಲಸವನ್ನೂ ಮಾಡುತ್ತಾನೆ, ಹೊಳೆವ್ವನಿಗಿಂತ ಹತ್ತು ವರ್ಷ ಚಿಕ್ಕವನು. ಟಾರಿನ ಡ್ರಮ್ಮೊಂದನ್ನು ಅಡ್ಡ ಸೀಳಿ, ಕಾಲು ಹಚ್ಚಿ, ಎರಡೇ ದಿನಕ್ಕೆ ಸಿಗಡಿ ಮಾಡಿಕೊಟ್ಟ. ನೋಡಲು ಚೆಂದ, ಎತ್ತಲು ಹಗುರ. ಕೆಂಡ ಹಾಕಿ ಗಾಳಿ ಬಿಟ್ಟ ಅರ್ಧ ತಾಸಿಗೆ ತಳ ಕೆಂಪಾಗಿ ಒಂದು ಬದಿಗೆ ಸೊಟ್ಟಗಾಯಿತು, ಕೆಂಡವೆಲ್ಲ ನೆಲಕ್ಕೆ ಬಿತ್ತು.

“ತಗಡು ತೆಳ್ಳಗೈತಿ ಅಂತ ನಾ ಹೇಳಿರಲಿಲ್ಲೇನು?” ಎಂದಳು ಹೊಳೆವ್ವ.

“ನೀವು ಹಗುರ ಇರ್ಲಿ ಅಂದ್ರಿ ಅಕ್ಕಾ. ಬಸ್ಸಿನ ಮ್ಯಾಲೆ ಏರಿಸಬೇಕು ಅಂದ್ರಿ.”

“ಅಂದೆ. ಬೀಳೂ ಹಂಗ ಮಾಡು ಅಂದಿಲ್ಲ.”

ಇಬ್ಬರೂ ಮಾತು ಬಿಟ್ಟರು. ಎರಡು ದಿನ ಹೊಳೆವ್ವ ಬಂಕಾಪುರದ ಮನೆಯಲ್ಲಿ ಒಳಗೂ ಹೊರಗೂ ಅಡ್ಡಾಡಿದಳು. ಅನ್ನಕ್ಕಿಟ್ಟದ್ದನ್ನು ಮರೆತು ಸೀಯಿಸಿದಳು. ಮೂರನೆಯ ದಿನ ಮೊದಲ ಬಸ್ಸಿಗೆ ಮತ್ತೆ ಮಜೀದನ ಅಂಗಡಿಗೆ ಹೋಗಿ, ಏನನ್ನೂ ಹೇಳದೆ ಗುಜರಿಯ ರಾಶಿಯಲ್ಲಿ ಹುಡುಕತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಹಳೆಯ ನೀರಿನ ಪೈಪಿನ ತುಂಡೊಂದು ಸಿಕ್ಕಿತು. ಮೊಳದಗಲ, ಬೆರಳು ದಪ್ಪದ ಉಕ್ಕು. ಕಾಲಿನಿಂದ ತಳ್ಳಿದರೂ ಜಗ್ಗಲಿಲ್ಲ.

ಮಜೀದ ನೋಡಿ ತಲೆಯಾಡಿಸಿದ. “ಇದು ಸುಡೂದಿಲ್ಲ, ಬಾಗೂದಿಲ್ಲ, ಒಡೆಯೂದಿಲ್ಲ. ಖರೇ. ಎತ್ತೋರ್ಯಾರು?”

“ಎರಡು ತುಂಡು ಮಾಡು. ಕೆಳಗಿಂದೊಂದು, ಮ್ಯಾಲಿಂದೊಂದು. ಒಂದರೊಳಗೊಂದು ಕುಂಡ್ರಬೇಕು. ಒಂದು ತಲಿ ಮ್ಯಾಲೆ, ಒಂದು ಬಗಲಾಗ.”

ಮಜೀದ ಸೀಮೆಸುಣ್ಣ ತೆಗೆದುಕೊಂಡ. ಗಾಳಿಯ ತೂತು ಎಲ್ಲಿರಬೇಕೆಂದು ಕೇಳಿದ. ತಳದಿಂದ ನಾಲ್ಕು ಬೆರಳು ಮೇಲೆ ಎಂದಳು. ಇನ್ನೂ ಕೆಳಗಿದ್ದರೆ ಬೂದಿ ಕಟ್ಟುತ್ತದೆ, ಮೇಲಿದ್ದರೆ ಕೆಂಡದ ಬುಡ ಸಾಯುತ್ತದೆ. ಅವನು ಗುರುತು ಹಾಕಿದ ಕಡೆ ಬೆರಳಿಟ್ಟು ಅಳೆದು, ಅಳಿಸಿ ತಾನೇ ಗೆರೆ ಎಳೆದಳು. ಹಳೆಯ ಕಮ್ಮಾರಸಾಲೆಯೊಂದರ ಗಾಳಿಚಕ್ರ ಗುಜರಿಯಲ್ಲೇ ಬಿದ್ದಿತ್ತು, ಅದನ್ನು ಹಚ್ಚಿದರು. ಕೆಂಡದ ಮೇಲಿನ ಜಾಳಿಗೆ ಸರಳುಗಳನ್ನು ಮಜೀದನೇ ಆರಿಸಿದ. ಬಾಗಿದ ಸಿಗಡಿಯ ಮಾತನ್ನು ಅವನೂ ಎತ್ತಲಿಲ್ಲ, ಈಕೆಯೂ ಎತ್ತಲಿಲ್ಲ.

ಮಹಾನವಮಿಯ ಹಿಂದಿನ ದಿನ ಸವಣೂರಿನಲ್ಲಿ ಮೂವತ್ತೊಂದು ತಲೆ ಬಂದವು. ನಸುಕಿನಿಂದ ಹೊತ್ತು ಮುಳುಗುವವರೆಗೆ ಕೆಂಡ ಆರಲಿಲ್ಲ. ತಳ ಕೆಂಪಾಗಲಿಲ್ಲ. ಮಜೀದ ತಾಸಿಗೊಮ್ಮೆ ಬಂದು, ತನಗೇನೋ ಬೇರೆ ಕೆಲಸವಿದೆ ಎಂಬಂತೆ ಆಚೆ ನೋಡುತ್ತಲೇ ಸಿಗಡಿಯ ಕಾಲನ್ನು ಮುಟ್ಟಿ ಹೋಗುತ್ತಿದ್ದ.

ಆದರೆ ಹೊಳೆವ್ವನ ಮನಸ್ಸು ಹಿರೇಕೆರೂರಿನಲ್ಲಿತ್ತು. ಹಬ್ಬ ಕಳೆದ ಸಂತೆಗೆ ಅಲ್ಲಿಗೆ ಹೋಗಿ, ತಾನೇ ಹುಡುಕಿಕೊಂಡು ಶಾರವ್ವನ ಮನೆಗೆ ಹೋದಳು. ತಾನೇ ನಾಲ್ಕು ಕಾಲು ಕೊಂಡು ತಂದಿದ್ದಳು. ಹೊರಗೆ ನಿಂತು, ಸುಟ್ಟು ತಂದದ್ದನ್ನು ಕೊಟ್ಟು ಬಂದಳು. ರುಚಿ ಹೇಗಿತ್ತೆಂದು ತಿಳಿಯಲು ಮತ್ತೊಂದು ವಾರ ಕಾಯಬೇಕಿತ್ತು. ಆ ವಾರ ಮೈಲಾರಪ್ಪ ಊಟಕ್ಕೆ ಬಿಟ್ಟರೆ ಮನೆಗೆ ಬರಲಿಲ್ಲವಂತೆ.

ಮುಂದಿನ ಸಂತೆಗೆ ಶಾರವ್ವ ಬಂದಳು. ಹೊಗಳಲಿಲ್ಲ. ಬುಟ್ಟಿಯಲ್ಲಿ ಹನ್ನೆರಡು ಕಾಲು ಇದ್ದವು. “ನಾಕು ನಮ್ಮವು, ಎಂಟು ಬಾಜೂ ಮನೀವು. ಜಲ್ದಿ ಕೊಡು, ಹುಡುಗಿ ಹಸದು ಕುಂತೈತಿ,” ಎಂದಳು.

ಶಿಗ್ಗಾಂವಿಯ ಜಾಗ ಮಾತ್ರ ಹೋದದ್ದು ಹೋಯಿತು. ಹೂವಪ್ಪ ಅಲ್ಲೇ ಇದ್ದಾನೆ, ಹೊಳೆವ್ವ ಈಗ ಗಟಾರದ ಈಚೆ ಬಿಸಿಲಲ್ಲಿ ಕೂರುತ್ತಾಳೆ. ಗಡಿಬಿಡಿಯವರು ಅವನ ಕಡೆ, ಸಾರು ಮಾಡುವವರು ಈಕೆಯ ಕಡೆ. ಗಿರಾಕಿ ಮೊದಲಿನಷ್ಟಿಲ್ಲ.

ಸವಣೂರಿನಲ್ಲಿ ಈಗ ಬಿಸಿಲು ಗೋಡೆ ಇಳಿದು ನೆಲಕ್ಕೆ ಬಂದಿದೆ. ಕೊನೆಯ ತಲೆಯನ್ನು ಕೆರೆದು, ತೊಳೆದು, ಪಾತ್ರೆಗೆ ಹಾಕುತ್ತಾಳೆ. ಇನ್ನೇನು ಬೇಕು ಎಂದು ಕೇಳಿದರೆ ಮೊದಲ ಬಾರಿಗೆ ಕೈ ನಿಲ್ಲುತ್ತದೆ.

“ಒಂದಿನಾ ನಾನೂ ಪಾತ್ರಿ ಹಿಡಕೊಂಡು ಸಾಲಿನ್ಯಾಗ ನಿಂದರಬೇಕ್ರಿ. ಬ್ಯಾರೆ ಯಾರಾರ ಉರಿ ಮುಂದ ಕುಂತಿರಬೇಕು. ಅವರು ಸುಟ್ಟು ಕೊಟ್ಟಿದ್ದನ್ನ ತಿರುವಿ ನೋಡಿ, ‘ಕಿವಿ ಹಿಂದ ಕೂದಲಾ ಉಳದಾವ ನೋಡವಾ, ಇನ್ನೊಂದೀಟು ಹಿಡಿ’ ಅಂತ ನಾ ಹೇಳಬೇಕು.”

ಚೂರಿ ಒರೆಸುತ್ತಾ ಸೇರಿಸುತ್ತಾಳೆ: “ಇಷ್ಟು ವರ್ಷದಾಗ ನನಗ ಯಾರೂ ಹಂಗ ಅಂದಿಲ್ಲ.”