ಬೇಲಿಯ ಮೇಲಿನ ಇಸ್ತ್ರಿ ಅಂಗಿಗಳು

ನನ್ನ ಅಣ್ಣ ಸತ್ತದ್ದು ಇಸ್ತ್ರಿ ಮೇಜಿನ ಮುಂದೆ. ಬೀಳುವ ಮೊದಲು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ್ದ. ಹಾಗಾಗಿ ಗಿರಾಕಿಯ ಪ್ಯಾಂಟು ಸುಡಲಿಲ್ಲ. ಒಂದು ಕಾಲಿಗೆ ಕತ್ತಿಯಂಥ ಗೆರೆ ಬಿದ್ದಿತ್ತು, ಇನ್ನೊಂದು ಕಾಲು ಮುದುರಿಕೊಂಡೇ ಇತ್ತು. ಅವನನ್ನು ಆಸ್ಪತ್ರೆಗೆ ಒಯ್ದು, ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದು ಹೇಳಿಸಿಕೊಂಡು ವಾಪಸು ಬಂದೆವು. ಮನೆಯಲ್ಲಿ ಜನ ಸೇರುವ ಮೊದಲು ಅತ್ತಿಗೆ ಅಂಗಡಿಗೆ ಹೋಗಿ ಆ ಇನ್ನೊಂದು ಕಾಲನ್ನೂ ಮುಗಿಸಿ, ಪ್ಯಾಂಟು ಮಡಿಚಿ, ಚೀಟಿ ಚುಚ್ಚಿ ಕಪಾಟಿನಲ್ಲಿಟ್ಟರು.

"ಸಂಜೆ ಬಂದು ತಗೊಂಡು ಹೋಗ್ತೀನಿ ಅಂದಿದ್ರು," ಎಂದರು.

ನಮ್ಮದು ಲಾಂಡ್ರಿ ಮನೆತನ. ಅತ್ತಿಗೆ ಕೂಡ ಇನ್ನೊಂದು ಬೀದಿಯ ಲಾಂಡ್ರಿಯ ಮಗಳು. ಮದುವೆಯಾದ ಮೇಲೆ ಒಗೆತ ಮತ್ತು ಕೌಂಟರು ಅವರದು, ಇಸ್ತ್ರಿ ಮತ್ತು ಕಲೆ ಅಣ್ಣನದು. ಕಲೆ ಎಂದರೆ ಚಹಾದ ಕಲೆ, ಶಾಯಿಯ ಕಲೆ, ತುಕ್ಕಿನ ಕಲೆ. ಊರಿನಲ್ಲಿ ಬೇರೆ ಕಲಾವಿದರೆಲ್ಲ ಕಲೆ ಮಾಡಿ ಹೆಸರು ಗಳಿಸಿದರೆ ಅಣ್ಣ ಕಲೆ ತೆಗೆದು ಹೊಟ್ಟೆ ಹೊರೆದ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರು. ಅಣ್ಣನ ವಿಷಯದಲ್ಲಿ ಅದೇನೂ ಕಷ್ಟದ ಪಾಠವಲ್ಲ.

ಅತ್ತಿಗೆಗೆ ಮಾತ್ರ ಅವನ ಬಗ್ಗೆ ಒಂದೇ ಒಂದು ತಕರಾರು. ಅದು ಅವನ ಕೈತೋಟ. ಮನೆಯ ಹಿಂದೆ ಬಟ್ಟೆ ಒಣಹಾಕುವ ಅಂಗಳದ ಆಚೆ ಒಂದು ತುಂಡು ನೆಲ, ಒಂದು ತಗಡಿನ ಶೆಡ್ಡು, ಅದರಾಚೆ ಬೇಲಿ, ಬೇಲಿಯಾಚೆ ಕುರುಚಲು ಕಾಡು. ಅಣ್ಣ ಅಲ್ಲಿ ಮಣ್ಣಾಗಿ ಬಂದರೆ ಅತ್ತಿಗೆ ಬಾಗಿಲಲ್ಲೇ ಅಂಗಿ ಬಿಚ್ಚಿಸುತ್ತಿದ್ದರು.

"ದಿನಾ ಊರಿನವರ ಕೊಳೆ ತೊಳೆಯೋದು ಸಾಲದು ಅಂತ ನೀವೂ ತರ್ತೀರಾ? ಬೀನ್ಸು ಅಂಗಡೀಲಿ ಸಿಗಲ್ವಾ?"

ಆ ಬೀನ್ಸು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಕಾಳಿನ ಮೇಲೆ ಕಂದು ಚುಕ್ಕೆಗಳಿರುವ ಆ ತಳಿಯ ಬೀಜವನ್ನು ನಮ್ಮ ಅಮ್ಮ ಅಣ್ಣನಿಗೆ ಕೊಟ್ಟಿದ್ದಳು. ಅವನು ಪ್ರತಿ ಬೆಳೆಯಲ್ಲೂ ಅರ್ಧ ತಿಂದು ಅರ್ಧ ಬೀಜಕ್ಕಿಡುತ್ತಿದ್ದ. ಹಳೆಯ ಬೀಜ ಸತ್ತುಹೋಗುತ್ತದೆ ಎಂದು ಈ ಸಲ ಡಬ್ಬಿಯಲ್ಲಿದ್ದುದನ್ನೆಲ್ಲ ಬಿತ್ತಿಬಿಟ್ಟ. ಬಳ್ಳಿ ಕೋಲು ಹತ್ತುವ ಹೊತ್ತಿಗೆ ಅವನಿರಲಿಲ್ಲ.

ಅತ್ತಿಗೆ ಅಳಲಿಲ್ಲ. ಮಾರನೆಯ ವಾರವೇ ಅಂಗಡಿ ತೆರೆದರು. ಅಣ್ಣನ ಬಟ್ಟೆಯನ್ನೆಲ್ಲ ಒಗೆದು, ಇಸ್ತ್ರಿ ಮಾಡಿ, ಬೀರುವಿನಲ್ಲಿ ಜೋಡಿಸಿದರು. ಜೋಮು ಹಿಡಿದ ಕಾಲಿನ ಮೇಲೂ ನಡೆಯಬಹುದಲ್ಲ, ಹಾಗೆ ನಡೆದಾಡುತ್ತಿದ್ದರು. ಸಂಜೆ ಬಳ್ಳಿಗೆ ನೀರು ಹಾಕುತ್ತಿದ್ದರು. ಯಾಕೆ ಎಂದು ನಾನು ಕೇಳಿದೆ.

"ಡಬ್ಬಿ ಖಾಲಿ ಇದೆ," ಎಂದರು. ಅಷ್ಟೇ.

ಆಗ ಜಿಂಕೆ ಬಂತು. ಒಂದು ಬೆಳಿಗ್ಗೆ ನೋಡಿದರೆ ಸಾಲಿನ ಈ ತುದಿಯ ಬಳ್ಳಿಗಳೆಲ್ಲ ಮೊಣಕಾಲೆತ್ತರಕ್ಕೆ ಬೋಳು. ಬೇಲಿಯೇ ಎದ್ದು ಹೊಲ ಮೇಯ್ದಿದ್ದರೆ ಗಾದೆಯಾದರೂ ಸಿಗುತ್ತಿತ್ತು. ಇಲ್ಲಿ ಬೇಲಿ ಪಾಪ ಸುಮ್ಮನೆ ನಿಂತಿತ್ತು, ಜಿಂಕೆ ಅದರ ಮೇಲಿಂದ ಹಾರಿಕೊಂಡು ಬಂದಿತ್ತು. ಸೋಪಿನ ವಾಸನೆಗೆ ಓಡಿಹೋಗುತ್ತದೆ ಎಂದು ಯಾರೋ ಹೇಳಿದರು. ಲಾಂಡ್ರಿಯಲ್ಲಿ ಸೋಪಿಗೇನು ಬರ? ಅತ್ತಿಗೆ ಬೇಲಿಯುದ್ದಕ್ಕೂ ಬಿಲ್ಲೆಗಳನ್ನು ಕಟ್ಟಿದರು. ಎಷ್ಟು ಸೋಪು ಹಾಕಿದರೂ ಜಿಂಕೆ ಒಲಿಯಲಿಲ್ಲ. ಇನ್ನೂ ಎರಡು ಬಳ್ಳಿ ಹೋದವು.

ಪಕ್ಕದ ಅಂಗಡಿಯ ಕ್ಷೌರಿಕನಿಗೆ ತಲೆಯಲ್ಲಿ ಒಂದೂ ಕೂದಲಿಲ್ಲ. ಎಲ್ಲರೂ ಅವನನ್ನು ಬೋಳಣ್ಣ ಎನ್ನುತ್ತಾರೆ. ಅವನು ಒಗೆಯಲು ತಂದ ಟವಲುಗಳ ಗಂಟನ್ನು ಕೌಂಟರಿನ ಮೇಲಿಡುತ್ತ ಹೇಳಿದ, "ಅಕ್ಕ, ಜಿಂಕೆಗೆ ಮನುಷ್ಯ ಅಂದ್ರೆ ಭಯ. ಭಾವ ಹಾಕ್ಕೊಂಡಿದ್ದ ಅಂಗಿ ತಗೊಂಡು ಬೇಲಿಗೆ ನೇತು ಹಾಕಿ. ನಮ್ಮಪ್ಪ ಹಾಗೇ ಮಾಡ್ತಿದ್ದ."

ಅತ್ತಿಗೆ ಅಂದು ಸಂಜೆಯೇ ಬೀರು ತೆರೆದರು. ಅಂಗಿಗಳು ಒತ್ತಾಗಿದ್ದು ಅಲ್ಲಲ್ಲಿ ಮಡಿಕೆ ಬಿದ್ದಿದ್ದವು. ಬೇಲಿಯಾದರೇನು, ನಾಲ್ಕು ಜನ ನೋಡುವ ಜಾಗ. ಇನ್ನೊಂದು ಸಲ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಕಾಲರಿನವರೆಗೂ ಗುಂಡಿ ಹಾಕಿ, ಹ್ಯಾಂಗರಿಗೆ ಸಿಕ್ಕಿಸಿ ಸಾಲಾಗಿ ನೇತು ಹಾಕಿದರು. ನಾನೂ ನೋಡಿದೆ. ಚೆನ್ನಾಗಿ ಕಾಣುತ್ತಿತ್ತು. ನಾನೂ ಲಾಂಡ್ರಿ ಮನೆತನದವನೇ ತಾನೆ, ನನಗೂ ಏನೂ ಹೊಳೆಯಲಿಲ್ಲ.

ಬೆಳಿಗ್ಗೆ ಬೋಳಣ್ಣನನ್ನೂ ಕರೆದುಕೊಂಡು ಹೋದೆವು. ಬಿಳಿ ಅಂಗಿಯ ತೋಳಿನ ಕೆಳಗೇ ಒಂದು ಬಳ್ಳಿ ಬುಡದವರೆಗೆ ಮಾಯ. ಆ ತೋಳಿನ ತುದಿಯನ್ನೂ ಜಿಂಕೆ ಸ್ವಲ್ಪ ಚೀಪಿ ನೋಡಿತ್ತು. ಊಟಕ್ಕೆ ಬಂದದ್ದಕ್ಕೆ ಗಂಜಿಯನ್ನೂ ನಾವೇ ಬಡಿಸಿದ್ದೆವು.

ಬೋಳಣ್ಣ ಅಂಗಿಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ಏನಕ್ಕ ಇದು, ಜಿಂಕೇನ ಮದುವೆಗೆ ಕರೆದ ಹಾಗಿದೆ. ಒಗೆದಿದ್ದೀರಾ?"

"ಮತ್ತೆ? ಹಾಗೇ ಹಾಕ್ತಾರಾ?"

"ಹಾಗೇ ಹಾಕ್ಬೇಕಕ್ಕ. ಜಿಂಕೆ ಅಂಗಿ ನೋಡಲ್ಲ, ಮೂಸತ್ತೆ. ಬೆವರಿನ ವಾಸನೆ ಬೇಕು. ಒಗೀದೇ ಇರೋದು ಒಂದು ಕೊಡಿ."

ಅತ್ತಿಗೆ ಕಣ್ಣು ಮೇಲೆತ್ತಿ ನಿಂತರು. ಕೌಂಟರಿನಲ್ಲಿ ಯಾರದೋ ಬಟ್ಟೆ ಸಿಗದಿದ್ದಾಗ ಹೀಗೆ ನಿಲ್ಲುತ್ತಾರೆ. ಮನಸ್ಸಿನಲ್ಲೇ ಕಪಾಟು, ಮೂಲೆ, ಬುಟ್ಟಿಗಳನ್ನೆಲ್ಲ ಹುಡುಕುವುದು ಮುಖದಲ್ಲಿ ಕಾಣುತ್ತದೆ.

"ಇಲ್ಲ," ಎಂದರು. "ಎಲ್ಲಾ ಒಗೆದ್ಬಿಟ್ಟೆ. ಹಾಸಿಗೆ, ದಿಂಬಿನ ಚೀಲ, ಕರ್ಚೀಫು. ಮನೇಲಿ ಒಂದೂ ಇಲ್ಲ."

ಬೋಳಣ್ಣ ತಲೆ ಸವರಿಕೊಂಡ. ನಾನು ಉಳಿದ ಬಳ್ಳಿಗಳನ್ನು ನೋಡಿದೆ. ಆ ತುದಿಯ ಒಂದೇ ಗುಂಪು ಉಳಿದಿತ್ತು. ಕಾಯಿ ಬಿಟ್ಟಿತ್ತು, ಬಲಿತಿರಲಿಲ್ಲ. ಹಸಿ ಕಾಯಿಯನ್ನು ಕಿತ್ತರೆ ಪಲ್ಯಕ್ಕಾದೀತು, ಬೀಜಕ್ಕಾಗದು.

ಹ್ಯಾಂಗರುಗಳನ್ನು ತೆಗೆದು ಆ ಗುಂಪಿನ ಸುತ್ತ ಹಗ್ಗವನ್ನಾದರೂ ಕಟ್ಟೋಣ ಎಂದುಕೊಂಡೆವು. ಹಗ್ಗ ಹುಡುಕಲು ಅತ್ತಿಗೆ ಶೆಡ್ಡಿಗೆ ಹೋದರು. ಅದರೊಳಗೆ ಅವರು ಹೆಜ್ಜೆಯಿಟ್ಟದ್ದೇ ಅಪರೂಪ. ಸ್ವಲ್ಪ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಒಂದು ತೂತು ಬಕೆಟ್ಟು ಬೋರಲು ಬಿದ್ದಿತ್ತು. ಅದರಡಿ ಗೋಣಿಯಲ್ಲಿ ಸುತ್ತಿಟ್ಟಿದ್ದ ಒಂದು ನೀಲಿ ಅಂಗಿಯನ್ನು ಅತ್ತಿಗೆ ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರು. ಮಣ್ಣು, ಬೆವರಿನ ಬಿಳಿ ಗೆರೆಗಳು, ಕಂಕುಳಲ್ಲಿ ಹಳದಿ.

"ಇದು ಕಳೆದುಹೋಯ್ತು ಅಂದಿದ್ರು," ಎಂದರು ಅತ್ತಿಗೆ. "ಹಗ್ಗದಿಂದ ಗಾಳಿಗೆ ಹಾರಿಹೋಯ್ತು ಅಂತ. ನಾನು ಬೀದಿಯೆಲ್ಲಾ ಹುಡುಕಿದ್ದೆ."

"ನಿಮ್ಮ ಕೈಗೆ ಸಿಕ್ಕಿದ್ರೆ ಒಗೆದ್ಬಿಡ್ತೀರಿ ಅಂತ ಬಚ್ಚಿಟ್ಟಿದ್ದಾನೆ," ಎಂದೆ ನಾನು.

"ಒಗೀತಿದ್ದೆ."

ಅಭ್ಯಾಸಬಲದಿಂದ ಮೊದಲು ಜೇಬು ತಡಕಿದರು. ಒಂದು ತುಂಡು ದಾರ, ಒಣಗಿದ ಎಲೆಯ ಪುಡಿ. ಅದನ್ನು ಕೊಡವಿದರು. ಆಮೇಲೆ ಅಂಗಿಯನ್ನು ಮೂಗಿನ ಹತ್ತಿರ ತಂದರು. ಅವರು ಈಗಲಾದರೂ ಅಳುತ್ತಾರೇನೋ ಎಂದು ನಾನು ಬೇರೆ ಕಡೆ ನೋಡಿದೆ. ಅವರು ಕಲೆ ಯಾವುದೆಂದು ಪತ್ತೆ ಹಚ್ಚುವವರ ಹಾಗೆ ಮೂಸಿ, ತಲೆಯಾಡಿಸಿ, ಹೊರಗೆ ಹೋಗಿ ಬಳ್ಳಿಯ ಕೋಲಿಗೆ ಅದನ್ನು ನೇತು ಹಾಕಿದರು.

ಜಿಂಕೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಬೇಲಿಯಾಚೆ ಗೊರಸಿನ ಗುರುತುಗಳಿದ್ದವು, ಈಚೆಗಿರಲಿಲ್ಲ. ಆದರೆ ಅತ್ತಿಗೆ ಮಾತ್ರ ದಿನಾ ಬೆಳಿಗ್ಗೆ ಹೋಗಿ ಅಂಗಿ ಮೂಸಿ ಬರುತ್ತಿದ್ದರು.

"ಕಮ್ಮಿ ಆಗ್ತಿದೆ," ಎಂದರು ಒಂದು ದಿನ. ಬಟ್ಟೆಯ ವಾಸನೆ ಎಷ್ಟು ದಿನ ನಿಲ್ಲುತ್ತದೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಓಡಿಸುವುದೇ ಅವರ ಕಸುಬು. "ಇಬ್ಬನಿಗೆ ಹೋಗತ್ತೆ, ಬಿಸಿಲಿಗೂ ಹೋಗತ್ತೆ. ಕಾಯಿ ಒಣಗೋವರೆಗೆ ಉಳಿಯಲ್ಲ."

ಅದರ ಮಾರನೆಯ ಸಂಜೆ ನಾನು ಹೋದಾಗ ತೋಟದಲ್ಲಿ ಅಣ್ಣ ನಿಂತಿದ್ದ. ಒಂದು ಗಳಿಗೆ ಹಾಗೆಯೇ ಕಂಡಿತು. ಅತ್ತಿಗೆ ಆ ಅಂಗಿ ತೊಟ್ಟು, ತೋಳು ಮೇಲಕ್ಕೆ ಮಡಿಚಿ, ಮಣ್ಣು ಅಗೆಯುತ್ತಿದ್ದರು. ಅಗೆಯುವಂಥದ್ದು ಅಲ್ಲೇನೂ ಇರಲಿಲ್ಲ. ಬೆವರಲೆಂದೇ ಅಗೆಯುತ್ತಿದ್ದರು. ಕತ್ತಲಾಗುವ ಮುಂಚೆ ಅಂಗಿ ಬಿಚ್ಚಿ ಕೋಲಿಗೆ ಹಾಕಿದರು.

ದಿನವೂ ಅದೇ ನಡೆಯಿತು. ಹಗಲೆಲ್ಲ ಊರಿನವರ ಬೆವರು ತೆಗೆಯುವುದು, ಸಂಜೆ ತಮ್ಮ ಬೆವರನ್ನು ಹಾಕುವುದು.

"ಅತ್ತಿಗೆ, ಈಗ ಅದರಲ್ಲಿರೋದು ಅಣ್ಣನ ವಾಸನೇನಾ, ನಿಮ್ದಾ?" ಎಂದು ಒಮ್ಮೆ ಕೇಳಿದೆ.

"ಜಿಂಕೆ ಕೇಳಿಲ್ಲ," ಎಂದರು.

ಕಾಯಿ ಹಳದಿಗೆ ತಿರುಗಿ, ಒಣಗಿ, ಅಲುಗಿಸಿದರೆ ಗಲಗಲ ಎನ್ನತೊಡಗಿತು. ಅತ್ತಿಗೆ ಅದನ್ನು ಬಿಡಿಸಿ ತಂದು ಕೌಂಟರಿನ ಮೇಲೆ, ಗಿರಾಕಿಗಳ ಮಧ್ಯೆಯೇ ಸುಲಿದರು. ಡಬ್ಬಿಯ ತಳ ಮುಚ್ಚುವಷ್ಟು ಚುಕ್ಕೆ ಕಾಳು ಸಿಕ್ಕಿತು. ಈ ಸಲ ಅರ್ಧ ತಿನ್ನುವ ಮಾತು ಯಾರೂ ಎತ್ತಲಿಲ್ಲ. ಮುಚ್ಚಳ ಬಿಗಿದು, ಅಣ್ಣ ಇಡುತ್ತಿದ್ದ ಜಾಗದಲ್ಲೇ ಇಟ್ಟರು.

ನೀಲಿ ಅಂಗಿ ಒಗೆಯುವ ರಾಶಿಯ ಪಕ್ಕದಲ್ಲಿತ್ತು. ಅತ್ತಿಗೆ ಅದನ್ನು ಎತ್ತಿ, ಜೇಬು ತಡಕಿ, ನೀರಿನ ತೊಟ್ಟಿಯವರೆಗೂ ಹೋದರು. ಅಲ್ಲಿ ನಿಂತರು. ಆಮೇಲೆ ನನ್ನ ಕಡೆ ನೋಡದೆ ಅಂಗಿ ಚಾಚಿದರು.

"ತಗೋ. ಮುಂದಿನ ಬೆಳೆಗೆ ಬೇಕಾಗತ್ತೆ. ನನ್ನ ಕಣ್ಣಿಗೆ ಬಿದ್ರೆ ಕೈ ಸುಮ್ನಿರಲ್ಲ. ನೀನೇ ಎಲ್ಲಾದ್ರೂ ಇಡು. ಎಲ್ಲಿ ಅಂತ ಹೇಳ್ಬೇಡ."

ಇಟ್ಟಿದ್ದೇನೆ. ಎಲ್ಲಿ ಎಂದು ಇಲ್ಲಿಯೂ ಬರೆಯುವಂತಿಲ್ಲ. ನಾನು ಬರೆದದ್ದನ್ನು ಅತ್ತಿಗೆ ಓದುತ್ತಾರೆ.