ಒರೆಸಿ ಕೊಂಡೊಯ್ದ ಕಾರು

ಹೋಟೆಲಿನವನಿಗೆ ಒರೆಸುವುದೊಂದು ಚಟ. ಗಿರಾಕಿ ಕೂರುವ ಮುಂಚೆ ಮೇಜು ಒರೆಸಬೇಕು, ಇನ್‌ಸ್ಪೆಕ್ಟರ್ ಬರುವ ಮುಂಚೆ ಅಡುಗೆಮನೆ ಒರೆಸಬೇಕು. ಮಾಟುಂಗದಲ್ಲಿ ಮೂವತ್ತು ವರ್ಷಗಳಿಂದ ಹೋಟೆಲ್ ನಡೆಸುತ್ತಿರುವ ನಾನು ಅದೇ ಚಟದಿಂದ ನನ್ನ ಕಾರಿನ ಕಾಯಿಲೆಯನ್ನೂ ಒರೆಸಿಬಿಟ್ಟಿದ್ದೆ.

ಹೆಂಡತಿಗೆ ವಾರಕ್ಕೆ ಮೂರು ದಿನ ಪರೇಲ್‌ನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಮ್ಮದು ಹಳೆಯ ಡೀಸೆಲ್ ಕಾರು. ಎ.ಸಿ. ಹಾಕಿದರೆ ಆಸ್ಪತ್ರೆ ದಾರಿಯ ಬ್ರಿಜ್ ಏರುವಾಗ ಏದುಸಿರು ಬಿಡುತ್ತಿತ್ತು, ಆರಿಸಿದರೆ ಅವಳು ಬೆವರಿ ಒದ್ದೆಯಾಗುತ್ತಿದ್ದಳು. ಬಾಂದ್ರಾದಲ್ಲಿ ಯಾರೋ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಕಸುವು ಹೆಚ್ಚಿಸಿಕೊಡುತ್ತಾರೆಂದು ಕೇಳಿ, ಅವಳು ಬೇಡವೆಂದರೂ ಮಾಡಿಸಿದೆ. ಎರಡು ವಾರ ಕಾರು ಕುದುರೆಯಂತೆ ಓಡಿತು. ನಾನು ಮೀಸೆ ತಿರುವಿದೆ.

ಮೂರನೆಯ ವಾರ ಬ್ರಿಜ್ ಮೇಲೆ ಕಪ್ಪು ಹೊಗೆ ಉಗುಳಿ, ಎಂಜಿನ್ ದೀಪ ಹೊತ್ತಿಸಿ, ಕಾರು ತೆವಳತೊಡಗಿತು. ಹಿಂದೆ ಹಾರ್ನುಗಳ ಗಲಾಟೆ, ಪಕ್ಕದಲ್ಲಿ ಅವಳು ಕಣ್ಣು ಮುಚ್ಚಿ ಕೂತಿದ್ದಳು. ಡಯಾಲಿಸಿಸ್ಸಿನ ಅವಳ ಸರದಿ ಸ್ವಲ್ಪದರಲ್ಲಿ ತಪ್ಪಿಹೋಗುತ್ತಿತ್ತು. ನಾನು ಡೀಸೆಲ್ ಕಲಬೆರಕೆಯೆಂದು ಪಂಪಿನವನ ಮೇಲೆ ರೇಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ನನ್ನ ಖಾಯಂ ಮೆಕ್ಯಾನಿಕ್ ವಿಜಯಪುರದ ಕಡೆಯವರು, ವಡಾಲದಲ್ಲಿ ಗ್ಯಾರೇಜು. ಅವರನ್ನು ಬಿಟ್ಟು ಬಾಂದ್ರಾಕ್ಕೆ ಹೋದೆನೆಂದು ಹೇಳಲು ನಾಚಿಕೆ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಅಳಿಸುವ ಪುಟ್ಟ ಸಾಧನವೊಂದನ್ನು ತಂದೆ. ಎಲ್ಲವನ್ನೂ ಅಳಿಸಿ, ದೀಪ ಆರಿಸಿ, ಕಾರು ತೊಳೆದು ಅವರ ಮುಂದೆ ನಿಲ್ಲಿಸಿದೆ.

ಅವರು ದೋಷ ಓದುವ ಸ್ಕ್ಯಾನರ್ ಹಚ್ಚಿದರು. ಏನೂ ಇಲ್ಲ.

"ಏನರ ಹೊಸಾದ್ ಮಾಡಿಸೀರೇನ್ರಿ ಸಾಹೇಬ್ರ?"

"ಏನಿಲ್ಲಪ್ಪ."

ಪಾಪ, ಅವರು ಫಿಲ್ಟರ್ ಬದಲಿಸಿದರು, ಇಂಜೆಕ್ಟರ್ ಬಿಚ್ಚಿ ನೋಡಿದರು. ಕಾರು ಮತ್ತೆ ಬ್ರಿಜ್ ಮೇಲೆ ಕೈಕೊಟ್ಟಿತು. ನಾನು ಮತ್ತೆ ಒರೆಸಿ ಕೊಂಡೊಯ್ದೆ. ಆಗ ಅವರು ಹೇಳಿದರು: "ನಾಳೆ ಅಕ್ಕಾರ್ನ ಕರ್ಕೊಂಡ್ ಹೊಂಟಾಗ ನಾನೂ ಬರ್ತೀನ್ರಿ. ಕುಂತು ನೋಡೋಣು."

ಮರುದಿನ ಗ್ಯಾರೇಜು ಮುಚ್ಚಿ ಬಂದು ಸ್ಕ್ಯಾನರ್ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. ಕಾರು ಹೊರಡುವ ಮೊದಲೇ ನನ್ನ ಹೆಂಡತಿ ತಿರುಗಿ ಎಲ್ಲ ಹೇಳಿಬಿಟ್ಟಳು: ಬಾಂದ್ರಾ, ಸಾಫ್ಟ್‌ವೇರ್, ಅಳಿಸಿದ್ದು. ನನಗೆ ಸ್ಟೇರಿಂಗ್ ಹಿಂದೆ ಮುಖ ಅಡಗಿಸುವಷ್ಟು ಜಾಗವಿರಲಿಲ್ಲ.

ಅವರು ಬೈಯಲಿಲ್ಲ. ನಕ್ಕರು. "ಜ್ವರಾ ಒರಿಸಿ ದವಾಖಾನಿಗೆ ಬಂದ್ರ ಡಾಕ್ಟರ್ ಏನ್ ನೋಡಬೇಕ್ರಿ?"

ಬ್ರಿಜ್ ಏರುವಾಗ ಅವರ ಪರದೆಯಲ್ಲಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋದ ಒತ್ತಡ ಏರಿ ಒಮ್ಮೆಲೇ ಕುಸಿಯಿತು. ಇಳಿದ ಮೇಲೆ ಬಾನೆಟ್ ಎತ್ತಿ ರಬ್ಬರ್ ಪೈಪೊಂದನ್ನು ಹಿಂಡಿ ತೋರಿಸಿದರು. ಕೂದಲೆಳೆಯಂಥ ಬಿರುಕು ಬಾಯಿ ತೆರೆಯಿತು. ಹೊಸ ಸಾಫ್ಟ್‌ವೇರ್ ಕೊಡುತ್ತಿದ್ದ ಒತ್ತಡವನ್ನು ಹಳೆಯ ಪೈಪು ತಾಳಿರಲಿಲ್ಲ. ಅವಳನ್ನು ಮೆಲ್ಲಗೆ ಆಸ್ಪತ್ರೆ ಮುಟ್ಟಿಸಿದೆವು. ಡಯಾಲಿಸಿಸ್ ಮುಗಿಯುವ ನಾಲ್ಕು ಗಂಟೆಗಳಲ್ಲಿ ಅವರು ಪೈಪು ಬದಲಿಸಿ, ನನ್ನ ಕೇಳಿಕೆಯಂತೆ ಹಳೆಯ ಸಾಫ್ಟ್‌ವೇರನ್ನೇ ಮತ್ತೆ ಹಾಕಿಸಿ, ಗೇಟಿನಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಎರಡು ಸಲ ನಿಜ ಮುಚ್ಚಿಟ್ಟವನಿಗಾಗಿ ಒಂದು ದಿನದ ದುಡಿಮೆ ಬಿಟ್ಟ ಆ ಮನುಷ್ಯನನ್ನು ನೆನೆದರೆ ಈಗಲೂ ನನ್ನ ಕೈಗಳು ತಾವಾಗಿ ಕೂಡಿಕೊಳ್ಳುತ್ತವೆ.

ವಾಪಸು ಬರುವಾಗ ಬ್ರಿಜ್ ಮೇಲೆ ಕಾರು ಎಂದಿನಂತೆ ಏದುಸಿರು ಬಿಟ್ಟಿತು. ನಾನು ಎ.ಸಿ. ಆರಿಸಿ, "ಸೆಕೆ ತಡೆದುಕೋ, ಬೇಗ ಮನೆ ಸೇರೋಣ" ಎಂದೆ.

ಅವಳು ಕಿಟಕಿ ಇಳಿಸಿದಳು. "ಬೇಗ ಯಾಕೆ ಮಾರಾಯ್ರೆ? ಹೋಟೆಲು ಬಿಟ್ಟು ನೀವು ನನಗೆ ಸಿಗುವುದು ಈ ಕಾರಿನಲ್ಲಿ ಮಾತ್ರ. ನಿಧಾನ ಹೋಗಿ."

ನಾನು ಗೇರ್ ಇಳಿಸಿದೆ.