ಭಯಕ್ಕೆ ಕೊಟ್ಟ ಗ್ರೇಸ್ ಮಾರ್ಕ್ಸ್

ನಮ್ಮ ಮನೆಗೆ ನಾಯಂಡಹಳ್ಳಿ ಮೆಟ್ರೋ ಹತ್ತಿರ. ಆದರೂ ಎರಡು ತಿಂಗಳು ನಾನು ವಿಜಯನಗರಕ್ಕೆ ಹೋಗಿ ರೈಲು ಹತ್ತಿದೆ. ಕೇಳಿದವರಿಗೆಲ್ಲ ‘ಅಲ್ಲಿ ಸೀಟು ಸಿಗುತ್ತೆ’ ಎಂದೆ. ಬೆಳಿಗ್ಗೆ ಒಂಬತ್ತಕ್ಕೆ ವಿಜಯನಗರದಲ್ಲಿ ಸೀಟು ಸಿಕ್ಕವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು.

ನಿಜ ಬೇರೆ. ನಾಯಂಡಹಳ್ಳಿಯಲ್ಲಿ ಒಂದು ಬೆಳಿಗ್ಗೆ, ಲಾರಿಯೊಂದರ ಹಗ್ಗ ಕಿತ್ತುಹೋಗಿ, ಕಬ್ಬಿಣದ ಸರಳುಗಳು ಜಾರಿ ನನ್ನೆದುರೇ ನಿಂತಿದ್ದ ಸ್ಕೂಟರಿನ ಸೀಟನ್ನು ತೂರಿಕೊಂಡು ಹೋದವು. ಸ್ಕೂಟರಿನವನು ಎಲೆಅಡಿಕೆಗೆಂದು ಇಳಿದಿದ್ದ, ಬದುಕಿದ. ನನ್ನ ತಲೆಯಲ್ಲಿ ಮಾತ್ರ ಆ ಸರಳುಗಳು ದಿನಕ್ಕೆ ಹತ್ತು ಸಲ ಜಾರುತ್ತಲೇ ಇದ್ದವು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, “ಮರ್ತ್ಬಿಡು ಕಣೇ, ನಿಂಗೇನೂ ಆಗಿಲ್ವಲ್ಲ” ಎಂದರು. ಮರೆವಿಗೆ ನಲ್ಲಿ ಇದ್ದಿದ್ದರೆ ನಾನೇ ತಿರುಗಿಸುತ್ತಿರಲಿಲ್ಲವೇ?

ಬಸವೇಶ್ವರನಗರದ ಕೌನ್ಸೆಲರ್ ಮರೆಯಲು ಹೇಳಲಿಲ್ಲ. ನೋಟ್‌ಬುಕ್ ತರಲು ಹೇಳಿದರು.

“ಹಗ್ಗ ಮತ್ತೆ ಕಿತ್ಕೊಳ್ಬಹುದಲ್ವಾ?” ಎಂದು ಜಗಳಕ್ಕೇ ನಿಂತೆ.

“ಕಿತ್ಕೊಳ್ಬಹುದು. ಆದ್ರೆ ನೀವು ಹೋದಾಗೆಲ್ಲ ಕಿತ್ಕೊಳ್ಳುತ್ತೆ ಅಂತ ನಿಮ್ಮ ತಲೆ ಹೇಳ್ತಿದೆಯಲ್ಲ, ಅದಕ್ಕೆ ಪುರಾವೆ ಕೇಳಿ.”

ಸುಳ್ಳು ಸಮಾಧಾನ ಹೇಳದ ಆ ಹೆಂಗಸಿನ ಮೇಲೆ ಅಂದೇ ನಂಬಿಕೆ ಬಂತು. ಅವರ ಚಿಕಿತ್ಸೆ ನನಗೆ ಅರ್ಥವಾದದ್ದು ಇಷ್ಟು: ಯೋಚನೆ ಭಯ ಹುಟ್ಟಿಸುತ್ತದೆ, ಭಯ ವಿಜಯನಗರಕ್ಕೆ ಓಡಿಸುತ್ತದೆ. ಕ್ಷೇಮವಾಗಿ ತಲುಪಿದೊಡನೆ ತಲೆ, ‘ನೋಡಿದೆಯಾ, ಸುತ್ತಿ ಹೋದದ್ದಕ್ಕೇ ಬದುಕಿದೆ’ ಎಂದು ಷರಾ ಬರೆದುಕೊಳ್ಳುತ್ತದೆ. ತಪ್ಪಿಸಿಕೊಂಡಷ್ಟೂ ಭಯ ಕೊಬ್ಬುತ್ತದೆ.

ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಹೋಗಬೇಕು. ಮೊದಲು ಆಟೋದಿಂದ ನೋಡುವುದು, ಆಮೇಲೆ ಎದುರು ಬದಿಯಲ್ಲಿ ನಿಲ್ಲುವುದು. ಪ್ರತಿ ಸಲ ಭಯಕ್ಕೆ ನೂರಕ್ಕೆ ಎಷ್ಟೆಂದು ಬರೆಯಬೇಕು. ಹೈಸ್ಕೂಲು ಗಣಿತ ಮೇಡಂ ನಾನು. ತೊಂಬತ್ತೆರಡು, ಎಪ್ಪತ್ತು, ಐವತ್ತು ಎಂದು ಶಿಸ್ತಾಗಿ ಇಳಿಸಿದೆ. ಮೂವತ್ತೈದಕ್ಕೆ ಬಂದು ಪೆನ್ನು ನಿಂತುಬಿಟ್ಟಿತು.

“ಮೂರು ವಾರದಿಂದ ಮೂವತ್ತೈದೇ ಇದೆಯಲ್ಲ, ಯಾಕೆ?” ಎಂದರು ಕೌನ್ಸೆಲರ್.

ಹದಿನೆಂಟು ವರ್ಷ ಮಕ್ಕಳನ್ನು ಎಳೆದು ಎಳೆದು ಮೂವತ್ತೈದಕ್ಕೆ ತಂದು ಪಾಸು ಮಾಡಿಸಿದ ಕೈ ಇದು. ಭಯಕ್ಕೂ ಗ್ರೇಸ್ ಮಾರ್ಕ್ಸ್ ಕೊಟ್ಟು ಕೂತಿತ್ತು!

“ಇದೊಂದನ್ನ ಫೇಲ್ ಮಾಡಿ ಮೇಡಂ,” ಎಂದು ಅವರು ನಕ್ಕು, ಕೊನೆಯ ಹೋಮ್‌ವರ್ಕ್ ಕೊಟ್ಟರು. ಅದೇ ಜಾಗ, ಹದಿನೈದು ನಿಮಿಷ. ಫೋನ್ ನೋಡುವಂತಿಲ್ಲ, ಫುಟ್‌ಪಾತಿನ ಕಂಬಿ ಹಿಡಿಯುವಂತಿಲ್ಲ. ಏನಾಗುತ್ತದೆಂದು ಮೊದಲೇ ಬರೆದಿಡಬೇಕು. ‘ತಲೆ ಸುತ್ತಿ ಬೀಳುತ್ತೇನೆ’ ಎಂದು ಬರೆದು ಹೊರಟೆ.

ಫುಟ್‌ಪಾತಿನಲ್ಲಿ ನಿಂತೆ. ಎದೆ ಡವಗುಟ್ಟಿತು. ಡವಗುಟ್ಟಲಿ, ಅದರ ಕೆಲಸವೇ ಅದು ಎಂದುಕೊಂಡೆ. ಏಳನೇ ನಿಮಿಷಕ್ಕೆ ಪಕ್ಕದ ವರ್ಕ್‌ಶಾಪಿನವನು ಕೂಗಿದ: “ಆಂಟಿ, ಬಸ್ಸು ಇಲ್ಲಿ ನಿಲ್ಲಲ್ಲ, ಮುಂದೆ ಹೋಗಿ.”

“ಬಸ್ಸಿಗಲ್ಲಪ್ಪ.”

“ಮತ್ತೆ?”

“ಸುಮ್ನೆ ನಿಂತಿದೀನಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಈ ಧೂಳಲ್ಲಾ?”

“ಹೂಂ. ಇನ್ನೂ ಎಂಟು ನಿಮಿಷ ಇದೆ.”

ಅಷ್ಟರಲ್ಲಿ ಸರಳು ತುಂಬಿದ ಲಾರಿಯೊಂದು ಗಡಗಡ ಬಂತು. ನಾನು ಓಡಲಿಲ್ಲ, ಕಣ್ಣು ಮುಚ್ಚಲಿಲ್ಲ, ತಲೆ ಸುತ್ತಿ ಬೀಳಲೂ ಇಲ್ಲ. ಈ ಸಲ ಅದೇ ನನ್ನನ್ನು ದಾಟಿ ಹೋಯಿತು.